ಮೀನಿನಂಥ ಗೀರು

ಹಳೆಯ ವಿಡಿಯೋ ಗೇಮ್‌ಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರುವ ವಸುಮತಿಯ ಮೇಜಿನ ಮೇಲೆ ಒಂದು ಡಿಸ್ಕೂ ಅದರ ಡಬ್ಬಿಯೂ ಫೋಟೊಗಾಗಿ ಕಾದಿದ್ದವು. ಸಂಜೆಯೊಳಗೆ ಯಾರೂ ಬೆಲೆ ಕೂಗದಿದ್ದರೆ ಎರಡೂ ಗುಜರಿಗೆ ಹೋಗಬೇಕಿತ್ತು.

"ಸ್ವಾಮಿ, ದಯವಿಟ್ಟು ಅಂಗಾತ ಮಲಗಿ," ಎಂದಿತು ಡಬ್ಬಿ. "ಬೆನ್ನ ಮೇಲಿನ ಆ ಗೀರು ಕಂಡರೆ ನಿಮ್ಮನ್ನು ಯಾರು ಕೊಳ್ಳುತ್ತಾರೆ? ನನ್ನ ಹೊಳಪು ಸಾಕು."

"ಕೊಳ್ಳುವವರಿಗೆ ನಾನು ಇರುವ ಹಾಗೆಯೇ ಕಾಣಬೇಕು," ಎಂದಿತು ಡಿಸ್ಕ್.

"ಹಾಗಾದರೆ ಗುಜರಿಯವನಿಗೇ ತೋರಿಸಿ!"

ವಸುಮತಿಯ ಪದ್ಧತಿಯೂ ಕಟ್ಟುನಿಟ್ಟು. ಡಿಸ್ಕನ್ನು ಮಗುಚಿ, ದೀಪದ ಕೆಳಗೆ ಓರೆಯಾಗಿ ಹಿಡಿದು, ಗೀರಿನ ಫೋಟೊವನ್ನೇ ಎಲ್ಲಕ್ಕಿಂತ ಮೊದಲು ಹಾಕಿದಳು. ದಿನವಿಡೀ ಯಾರೂ ಕೂಗಲಿಲ್ಲ. ಹರಾಜು ಇನ್ನೇನು ಮುಗಿಯಬೇಕು, ಅರಸೀಕೆರೆಯಿಂದ ಯಾರೋ ಕೂಗಿದರು. ಪಾರ್ಸೆಲ್ ಹೊರಟಿತು.

ಅರಸೀಕೆರೆಯಲ್ಲಿ ಪ್ರಮೀಳಾ ಎಂಬಾಕೆ ಪಾರ್ಸೆಲ್ ಬಿಚ್ಚಿದವಳೇ ಡಿಸ್ಕನ್ನು ಮಗುಚಿ ನೋಡಿ ತಮ್ಮನನ್ನು ಕೂಗಿದಳು.

"ದಿವಾಕರ, ಬಾರೋ ಇಲ್ಲಿ! ಫೋಟೊ ನೋಡಿದಾಗಲೇ ಹೇಳಲಿಲ್ವಾ? ಚಿಕ್ಕಂದಿನಲ್ಲಿ ನೀನು ಇದನ್ನ ಕಿತ್ಕೊಳ್ಳೋಕೆ ಬಂದಾಗ ನನ್ನ ಬಳೆ ಒಡೆದು ಬಿದ್ದ ಮೀನಿನಂಥ ಗೀರು ಇದೇ ಕಣೋ."

ದಿವಾಕರ ಗೀರನ್ನು ಬೆರಳಿನಿಂದ ಮುಟ್ಟಿದ. "ಅದೇ ಮೀನು ಅಕ್ಕ. ನಾವೇ ಮಾರಿದ್ದು ಎಲ್ಲೆಲ್ಲೋ ಸುತ್ತಿ ನಮ್ಮನೇಗೇ ಬಂತಲ್ಲ!"

ಡಬ್ಬಿಯ ಕಡೆ ಇಬ್ಬರೂ ನೋಡಲಿಲ್ಲ. ಅದು ತೆರೆದ ಬಾಯಿ ತೆರೆದಂತೆಯೇ ಕೇಳಿತು, "ಸ್ವಾಮಿ, ಅಂದು ಅಂಗಾತ ಮಲಗಿದ್ದರೆ ನಿಮ್ಮ ಗುರುತು ಯಾರಿಗೆ ಸಿಗುತ್ತಿತ್ತು?"

ಅಷ್ಟರಲ್ಲಿ ಪ್ರಮೀಳಾ ಡಿಸ್ಕನ್ನು ಗೇಮ್ ಯಂತ್ರಕ್ಕೆ ಹಾಕಿದ್ದಳು. ಡಿಸ್ಕ್ ಆಗಲೇ ತಿರುಗತೊಡಗಿತ್ತು.