ಸುಣ್ಣದ ಗೆರೆ

‘ಗುರುಗಳೇ, ನಮ್ಮವರಿಗಾಗಿ ಒಂದು ಸುಳ್ಳು ಹೇಳಿದರೆ ಅದೂ ಪ್ರೀತಿಯೇ ಅಲ್ಲವೇ?’ ಎಂದು ಶಿಷ್ಯ ಕೇಳಿದ.

‘ಹೇಳಿ ಬಂದು ಕೇಳುತ್ತಿದ್ದೀಯೋ, ಕೇಳಿಕೊಂಡು ಹೋಗಿ ಹೇಳಬೇಕೆಂದಿದ್ದೀಯೋ?’ ಎಂದು ಗುರು ನಕ್ಕರು. ಶಿಷ್ಯ ತಲೆ ತಗ್ಗಿಸಿದ. ಗುರು ಕತೆ ಹೇಳಿದರು.

ದೂರದ ಒಂದು ದೇಶದಲ್ಲಿ ಯುದ್ಧ ನಡೆಯುತ್ತಿತ್ತು. ಅಲ್ಲಿ ಬೇಸ್‌ಬಾಲ್ ಆಡಿಯೇ ಹೊಟ್ಟೆ ಹೊರೆಯುವ ಒಬ್ಬ ಆಟಗಾರನಿದ್ದ. ಚೆಂಡು ಎಸೆಯುವುದು ಅವನ ಕೆಲಸ. ಸೈನ್ಯಕ್ಕೆ ಸೇರಬೇಕೆಂದು ಅವನಿಗೆ ಕರೆ ಬಂದಿತ್ತು. ಮರುದಿನ ಬೆಳಿಗ್ಗೆ ರೈಲು ಹತ್ತಬೇಕು. ಹೊರಡುವ ಮುನ್ನ ಈ ಕೊನೆಯ ಪಂದ್ಯವನ್ನು ಗೆದ್ದುಬಿಡಬೇಕು ಎಂಬುದೊಂದೇ ಅವನ ಆಸೆ. ಅವನ ತಂದೆಯೂ ನೋಡಲು ಬಂದು, ಮೈದಾನದ ಅಂಚಿನಲ್ಲಿ ಜನ ಕೂರುವ ಮೆಟ್ಟಿಲ ಮೇಲೆ ಕೂತಿದ್ದ.

ಆ ಆಟ ಒಂಬತ್ತು ಸರದಿಗೆ ಮುಗಿಯಬೇಕು. ಅಂದು ಮುಗಿಯಲಿಲ್ಲ. ಎರಡೂ ತಂಡಗಳು ಸಮಸಮ. ಸರದಿಯ ಮೇಲೆ ಸರದಿ, ಆಟ ಎಳೆಯುತ್ತಲೇ ಹೋಯಿತು. ಜನ ಒಬ್ಬೊಬ್ಬರಾಗಿ ಎದ್ದು ಮನೆ ಸೇರಿದರು. ಕತ್ತಲು ಕವಿಯುತ್ತ ಬಂದರೂ ಬಾಂಬು ಹಾಕುವ ವಿಮಾನಗಳ ಭಯಕ್ಕೆ ದೀಪ ಹಚ್ಚುವಂತಿರಲಿಲ್ಲ. ಕೊನೆಗೂ ಮಗನ ತಂಡ ಒಂದು ಓಟ ಮುಂದೆ ಹೋಯಿತು. ಎದುರಾಳಿಗಳಲ್ಲಿ ಇನ್ನೊಬ್ಬನನ್ನು ಔಟ್ ಮಾಡಿದರೆ ಗೆಲುವು. ಆದರೆ ಅವರಲ್ಲೊಬ್ಬ ಆಗಲೇ ಅರ್ಧ ದಾರಿಗೆ ಬಂದು, ಓಟ ಮುಗಿಸಲು ಕಾದಿದ್ದ.

ಮಗ ಎಸೆದ. ಎದುರಾಳಿ ಬೀಸಿ ಹೊಡೆದ. ಚೆಂಡು ಮಬ್ಬಿನಲ್ಲಿ ಹಾರಿ ಮೆಟ್ಟಿಲ ಮೇಲೆ ಬಿತ್ತು. ಎಲ್ಲೆ ತೋರಿಸುವ ಕಬ್ಬಿಣದ ಕಂಬವನ್ನು ಯುದ್ಧಕ್ಕೆಂದು ಕಿತ್ತುಕೊಂಡು ಹೋಗಿದ್ದರು. ಬದಲಿಗೆ ಮೆಟ್ಟಿಲ ಮೇಲೊಂದು ಸುಣ್ಣದ ಗೆರೆ ಎಳೆದಿದ್ದರು. ಚೆಂಡು ಗೆರೆಯ ಒಳಗೆ ಬಿದ್ದಿದ್ದರೆ ಹೊಡೆದವನದೂ ಕಾದಿದ್ದವನದೂ ಸೇರಿ ಎದುರಾಳಿಗೆ ಎರಡು ಓಟ, ಅವರದೇ ಗೆಲುವು. ಹೊರಗೆ ಬಿದ್ದಿದ್ದರೆ ಹೊಡೆತ ಲೆಕ್ಕಕ್ಕಿಲ್ಲ, ಮಗ ಮತ್ತೆ ಎಸೆಯಬಹುದು. ಅಂಪೈರನಿಗೆ ಏನೂ ಕಾಣಲಿಲ್ಲ.

ಚೆಂಡಿಗೂ ಬರವಿದ್ದ ಕಾಲ ಅದು. ಕೈಗೆ ಸಿಕ್ಕಿದವರು ತಂದು ಒಪ್ಪಿಸಬೇಕು ಎಂಬುದು ಪದ್ಧತಿ. ತಂದೆ ಚೆಂಡು ಹಿಡಿದು ಇಳಿದು ಬಂದ. ಅವನು ಯಾರೆಂದು ಅಂಪೈರನಿಗೆ ತಿಳಿಯದು.

‘ಎಲ್ಲಿ ಬಿತ್ತು ಯಜಮಾನರೇ? ನಿಮ್ಮನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ.’

ಮಗ ಅಪ್ಪನನ್ನೇ ನೋಡುತ್ತಿದ್ದ. ‘ಹೊರಗೆ’ ಎಂದರೆ ಸಾಕಿತ್ತು.

‘ಒಳಗೆ ಬಿತ್ತು ಸ್ವಾಮಿ. ಗೆರೆಯಿಂದ ಒಂದು ಗೇಣು ಒಳಗೆ.’

ಪಂದ್ಯ ಮುಗಿಯಿತು. ಮಗನ ತಂಡ ಸೋತಿತು.

ಮರುದಿನ ನಿಲ್ದಾಣದಲ್ಲಿ ಮಗ ತನ್ನ ತುಂಬು ಬಸುರಿ ಹೆಂಡತಿಯನ್ನು ನೋಡಿ ನೋಡಿ ಕಂಗೆಟ್ಟ. ರೈಲು ಹತ್ತಲು ಕಾಲೇ ಏಳಲಿಲ್ಲ. ‘ಇವಳನ್ನೂ ಹುಟ್ಟುವ ಮಗುವನ್ನೂ ನಾನು ನೋಡಿಕೊಳ್ಳುತ್ತೇನೆ, ಹೋಗು’ ಎಂದ ತಂದೆ. ಮಗ ಹತ್ತಿದ. ಜೊತೆಗಿದ್ದವರೆಲ್ಲ ಮನೆಯ ಚಿಂತೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನೊಬ್ಬ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ.

ಗುರುಗಳ ಕತೆ ಅಲ್ಲಿಗೆ ಮುಗಿಯಿತು.

‘ಹೊರಟದ್ದು ಯುದ್ಧಕ್ಕೆ. ಅವನಿಗೆ ನಿದ್ದೆ ಹೇಗೆ ಬಂತು?’ ಎಂದ ಶಿಷ್ಯ.

‘ನೋಡಿಕೊಳ್ಳುತ್ತೇನೆ ಎಂದದ್ದು, ಹಿಂದಿನ ದಿನ ಅವನನ್ನು ಸೋಲಿಸಿದ ಬಾಯಿ’ ಎಂದರು ಗುರು.