ತುಪ್ಪದ ವ್ಯಾಪಾರಿಯ ಒಸಡು

“ಬುದ್ಧಿ, ಜಪಕ್ಕೆ ಕೂತರೆ ಎದೆಯ ಮೇಲೆ ಕಲ್ಲಿಟ್ಟ ಹಾಗಾಗುತ್ತದೆ. ಮಂತ್ರ ಬದಲಿಸಲೇ, ಇಲ್ಲ ಇನ್ನೂ ಹೆಚ್ಚು ಹೊತ್ತು ಕೂರಲೇ?” ಎಂದು ಶಿಷ್ಯ ಕೇಳಿದ. ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಬ್ಬ ತುಪ್ಪದ ವ್ಯಾಪಾರಿ. ಗಡಿಗೆ ಗಡಿಗೆಗೂ ಬೆರಳದ್ದಿ ರುಚಿ ನೋಡುತ್ತಿದ್ದ, ನೋಡಿದ್ದನ್ನು ನುಂಗುತ್ತಿದ್ದ. ವ್ಯಾಪಾರ ಕುದುರಿದಾಗಲೆಲ್ಲ ಮಾರಿದವನ ಜೊತೆ ಕೂತು ಎಲೆ ಅಡಿಕೆ ಹಾಕಬೇಕು, ಅದು ಆ ಪೇಟೆಯ ಮರ್ಯಾದೆ. ಹಾಗಾಗಿ ಅವನ ಬಾಯಿ ಸದಾ ಕೆಂಪು. ಬೆಳಿಗ್ಗೆ ದಿಂಬಿನ ಮೇಲೂ ಕೆಂಪು. “ಬಾಯಲ್ಲಿ ಎಲೆ ಇಟ್ಕೊಂಡೇ ಮಲಗ್ತೀರಲ್ಲ!” ಎಂದು ಹೆಂಡತಿ ಗೊಣಗುವಳು. ಇರಬಹುದು ಎಂದು ಅವನೂ ನಂಬಿದ್ದ.

ಬರಬರುತ್ತಾ ಬಲಪಕ್ಕೆಯ ಕೆಳಗೆ ಭಾರ ಶುರುವಾಯಿತು. ನಾಲ್ಕು ಹೆಜ್ಜೆ ನಡೆದರೆ ಸುಸ್ತು. ವ್ಯಾಪಾರಿಗೆ ಜೀವವೇ ಹಾರಿಹೋದಂತಾಯಿತು. ಅವನ ಅಣ್ಣನೂ ಮೊದಲು ಇದೇ ಭಾರ ಕಾಣಿಸಿಕೊಂಡು, ಹೊಟ್ಟೆ ಊದಿ ಸತ್ತಿದ್ದ. ಅವನು ವೈದ್ಯನ ಬಳಿಗೆ ಓಡಿದ.

ವೈದ್ಯ ಹೊಟ್ಟೆ ಒತ್ತಿ ನೋಡಿದ. ಆಮೇಲೆ, “ಬಾಯಿ ತೆರೀರಿ” ಎಂದ. ನೋಡಿ ಒಂದು ತುಂಡು ಬಿಳಿ ಬಟ್ಟೆ ಕೊಟ್ಟು, “ನಾಳೆ ಎದ್ದ ತಕ್ಷಣ, ಎಲೆ ಹಾಕುವ ಮೊದಲು, ಬಾಯಿ ಮುಕ್ಕಳಿಸಿ ಇದರಿಂದ ಒಸಡು ಒರೆಸಿಕೊಂಡು ಬನ್ನಿ” ಎಂದ.

ವ್ಯಾಪಾರಿಗೆ ರೇಗಿತು. “ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಭಾರ ಇರೋದು ಹೊಟ್ಟೇಲಿ ಕಣ್ರೀ!”

ಆದರೂ ಸಾವಿನ ಭಯ ದೊಡ್ಡದು. ಮರುದಿನ ಹೇಳಿದಂತೆ ಮಾಡಿದ. ಬಾಯಲ್ಲಿ ಎಲೆಯ ಚೂರೂ ಇರಲಿಲ್ಲ. ಬಟ್ಟೆ ಮಾತ್ರ ಕೆಂಪಾಯಿತು. ಇಷ್ಟು ದಿನ ಉಗುಳಿದ್ದರಲ್ಲಿ ರಕ್ತವೆಷ್ಟು, ಎಲೆಯೆಷ್ಟು ಎಂದು ನೆನೆಯುತ್ತ, ಆ ಬಟ್ಟೆ ಹಿಡಿದೇ ವೈದ್ಯನ ಬಳಿಗೆ ಹೋದ.

ವೈದ್ಯ ಹೇಳಿದ: “ತುಪ್ಪ ತಿಂದು ಕೂತು ನಿಮ್ಮ ಯಕೃತ್ತಿಗೆ ಕೊಬ್ಬು ಹತ್ತಿದೆ. ಅದರ ಮೇಲೆ ಒಸಡಿನ ಕೀವು ಹಗಲೂ ರಾತ್ರಿ ಉಗುಳಿನ ಜೊತೆ ಒಳಗಿಳಿಯುತ್ತಿದೆ. ಸೋತ ಎತ್ತಿನ ಮೇಲೆ ಇನ್ನೊಂದು ಮೂಟೆ. ತುಪ್ಪ ಬಿಟ್ಟು ಒಸಡು ಮರೆತರೆ ಅರ್ಧ ಮದ್ದು. ಒಸಡು ತೊಳೆದು ತುಪ್ಪ ನುಂಗಿದರೂ ಅರ್ಧವೇ.”

ವ್ಯಾಪಾರಿ ಎಲೆ ಅಡಿಕೆ ಬಿಟ್ಟ. ರುಚಿ ನೋಡಿದ ತುಪ್ಪವನ್ನು ಉಗುಳಲು ಕಲಿತ. ದಿನವೂ ಒಸಡಿನ ಆರೈಕೆ ಮಾಡಿದ, ಗಾಡಿ ಬಿಟ್ಟು ನಡೆದ. ಎಲೆ ಬೇಡವೆಂದಾಗ ಪೇಟೆಯವರು ಒಂದಿಷ್ಟು ದಿನ ಮುಖ ತಿರುಗಿಸಿದರು, ಆಮೇಲೆ ಎಲೆಯ ಬದಲು ಬೆಲ್ಲ, ನೀರು ಕೊಟ್ಟರು. ಬೆಲ್ಲ ಅವರಿಗೇ ಬಿಟ್ಟು ನೀರು ಕುಡಿದ. ಭಾರ ಮೆಲ್ಲಗೆ ಇಳಿಯಿತು. ಹೆಂಡತಿ ದಿಂಬಿಗೆ ಬಿಳಿ ಚೀಲ ಹೊಲಿದಳು. ಗಂಡ ಹೆಂಡತಿ ಸುಖವಾಗಿದ್ದರು.

ಕತೆ ಮುಗಿಯಿತು. ಶಿಷ್ಯನಿಗೆ ಖುಷಿಯಾಯಿತು. “ಒಳ್ಳೆಯದಾಯಿತು ಬುದ್ಧಿ. ಆದರೆ ನನ್ನ ಒಸಡು ಗಟ್ಟಿಯಾಗಿವೆಯಲ್ಲ?”

“ಒಸಡು ಗಟ್ಟಿಯಿವೆಯಪ್ಪಾ,” ಎಂದರು ಗುರುಗಳು. “ಇವತ್ತು ಸಾರು ಸಪ್ಪೆಯಾಯಿತೆಂದು, ಅಡುಗೆಯ ಅಜ್ಜಿಯನ್ನು ಜಪ ಮಾಡುವ ಅದೇ ಬಾಯಿಂದ ಏನೆಂದು ಕರೆದೆ?”

ಶಿಷ್ಯ ಎದ್ದು ಅಡುಗೆಮನೆಯ ಕಡೆ ನಡೆದ.