ಬಸರಿ ಮರವೂ ಕಂಬಳಿಹುಳವೂ

ಕೆರೆ ಏರಿಯ ಮೇಲಿನ ಮುದಿ ಬಸರಿ ಮರಕ್ಕೆ ಕಂಬಳಿಹುಳಗಳ ಕಾಟ ಸಾಕುಸಾಕಾಗಿ ಹೋಗಿತ್ತು. ಬಿಟ್ಟ ಚಿಗುರೆಲ್ಲ ಅವುಗಳ ಹೊಟ್ಟೆಗೇ ಹೋಗುತ್ತಿತ್ತು. ಪಕ್ಕದ ನೀಲಗಿರಿ ಬೇರೆ ಹಂಗಿಸುತ್ತಿತ್ತು: “ಅಜ್ಜಾ, ನೀನು ಮರವೋ, ಪುಕ್ಕಟೆ ಊಟದ ಛತ್ರವೋ? ನನ್ನ ಎಲೆ ನೋಡು, ಒಂದು ತೂತಿಲ್ಲ.”

ಕೊನೆಗೆ ಬಸರಿ ತನ್ನ ಕೊಂಬೆಯಲ್ಲಿ ಗೂಡು ಕಟ್ಟುತ್ತಿದ್ದ ಪಿಕಳಾರ ಹಕ್ಕಿಗೆ ಹೇಳಿತು: “ಇನ್ನು ನನ್ನ ಕೈಲಾಗದು ತಾಯಿ. ಹಣ್ಣು ಬೇಕಾದಷ್ಟು ತಿನ್ನು. ನಿನ್ನ ಬಳಗವನ್ನೆಲ್ಲ ಕರೆದು ಈ ಹುಳಗಳನ್ನು ಮಾತ್ರ ನಿರ್ವಂಶ ಮಾಡಿಬಿಡು.”

ಪಿಕಳಾರ ಕೊಕ್ಕಿನಲ್ಲಿದ್ದ ನಾರನ್ನು ಕೆಳಗೆ ಹಾಕಿತು. “ಆಗಲಿ. ಹಾಗಾದರೆ ಗೂಡನ್ನು ಬೇರೆ ಕಡೆ ಕಟ್ಟುತ್ತೇನೆ.”

“ಯಾಕೆ? ಹಣ್ಣು ಇದೆಯಲ್ಲ!”

“ಹಣ್ಣು ನನಗಾಯಿತು, ಎಳೆ ಮರಿಗಳಿಗೆ ಹುಳವೇ ಬೇಕು. ಮರಿ ಎಲ್ಲಿಯೋ ನನ್ನ ಊಟವೂ ಅಲ್ಲಿಯೇ. ಆಮೇಲೆ ನಿನ್ನ ಬೀಜ ಯಾರು ಒಯ್ಯುತ್ತಾರೋ ಆ ನೀಲಗಿರಿಯನ್ನೇ ಕೇಳು. ನೊಣಕ್ಕೆ ಅಂಜುವವರು ಬೆಲ್ಲದಂಗಡಿ ಇಡಬಾರದು ಅಜ್ಜಾ.”

ಬಸರಿ ಬುಡದತ್ತ ನೋಡಿತು. ಉದುರಿದ ಹಣ್ಣು ಅಲ್ಲೇ ಕೊಳೆಯುತ್ತಿತ್ತು. ಅದರ ನೆರಳಲ್ಲಿ ಈವರೆಗೆ ಅದರದೊಂದು ಸಸಿಯೂ ಎದ್ದಿರಲಿಲ್ಲ. ಆಚೆ ದಡದಲ್ಲಿ, ಹಕ್ಕಿಗಳು ಕೂರುವ ಹಾಳು ಪಂಪ್‌ಮನೆಯ ಗೋಡೆ ಬಿರುಕಿನಲ್ಲಿ ಮಾತ್ರ, ಎಳೆ ಬಸರಿಯೊಂದು ಎರಡೆಲೆ ಬಿಟ್ಟು ನಿಂತಿತ್ತು.

ಮುದಿ ಮರ ನಿಟ್ಟುಸಿರಿಟ್ಟಿತು. “ನಾರು ಎತ್ತಿಕೋ ತಾಯಿ.” ಮತ್ತೆ ಹುಳದ ಕಡೆ ತಿರುಗಿ, “ನೀನೂ ತಿನ್ನಪ್ಪಾ. ತುದಿಯ ಕುಡಿಯೊಂದನ್ನು ಬಿಟ್ಟು ತಿನ್ನು,” ಎಂದಿತು.

ಹುಳ ಉತ್ತರ ಕೊಡಲಿಲ್ಲ. ಅದರ ಬಾಯಿ ತುಂಬಿತ್ತು.